ಕರಿ ಟ್ರಂಕು ಮತ್ತು ಒಂದು ಸಾಲಿನ ದಾಖಲೆ: ಸೈನಿಕರ ಹೆಂಡಂದಿರ ಇತಿಹಾಸ, ಹೊಸ ಮದುಮಗಳಿಗಾಗಿ

ನಮ್ಮ ಮಹಿಳಾ ವೇದಿಕೆಯ ವಾಟ್ಸಾಪ್ ಗುಂಪಿನಲ್ಲಿ ಯಾರದಾದರೂ ಮದುವೆ ಗೊತ್ತಾಯಿತು ಅಂದರೆ ಮೊದಲು ಸೀರೆಯ ಮಾತು, ಆಮೇಲೆ ಛತ್ರದ ಮಾತು, ಆಮೇಲೆ ಹುಡುಗನ ಕೆಲಸದ ಮಾತು. ಹುಡುಗ ಸೇನೆಯಲ್ಲಿದ್ದಾನೆ ಅಂದಾಗ ಮಾತ್ರ ಗುಂಪು ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ. ನಂತರ ಒಬ್ಬರು "ಕ್ಯಾಂಟೀನಿನಲ್ಲಿ ಎಲ್ಲ ಅಗ್ಗ ಬಿಡಿ" ಅನ್ನುತ್ತಾರೆ. ಇನ್ನೊಬ್ಬರು "ಪಾಪ, ಹುಡುಗಿ ಎಷ್ಟೋ ದಿನ ಒಬ್ಬಳೇ ಇರಬೇಕಲ್ಲ" ಅನ್ನುತ್ತಾರೆ. ಎರಡೂ ನಿಜವೇ. ಆದರೆ ಆ ಹುಡುಗಿ ಏನು ತಯಾರಿ ಮಾಡಿಕೊಳ್ಳಬೇಕು ಅನ್ನುವ ಪ್ರಶ್ನೆಗೆ ಈ ಎರಡರಲ್ಲೂ ಉತ್ತರವಿಲ್ಲ.

ಪುಣೆಯಲ್ಲಿರುವ ಕನ್ನಡಿಗರಿಗೆ ಸೇನೆ ದೂರದ ವಿಷಯವಲ್ಲ. ದಕ್ಷಿಣ ಕಮಾಂಡಿನ ಮುಖ್ಯ ಕಚೇರಿ ಇಲ್ಲಿದೆ. ಖಡಕಿಯಲ್ಲಿ ಬಾಂಬೆ ಸ್ಯಾಪರ್ಸ್, ಖಡಕವಾಸ್ಲಾದಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿ. ಬೆಳಗಾವಿಯಿಂದ ಬಂದವರಿಗೆ ಮರಾಠಾ ಲೈಟ್ ಇನ್ಫೆಂಟ್ರಿ ಗೊತ್ತು, ಬೆಂಗಳೂರಿನವರಿಗೆ ಎಂಇಜಿ ಗೊತ್ತು, ಕೊಡಗಿನವರಿಗಂತೂ ಹೇಳುವುದೇ ಬೇಡ. ಇಷ್ಟಾದರೂ ನಾವು ಓದಿದ ಸೇನಾ ಇತಿಹಾಸದಲ್ಲಿ ಯುದ್ಧಗಳಿವೆ, ಸೇನಾಪತಿಗಳಿದ್ದಾರೆ, ಪದಕಗಳಿವೆ. ಮನೆಯಲ್ಲಿದ್ದವಳ ಇತಿಹಾಸ ಅಲ್ಲಲ್ಲಿ ಒಂದೊಂದು ವಾಕ್ಯದಲ್ಲಿ ಮುಗಿದುಹೋಗುತ್ತದೆ.

ನಾನು ಸಾಫ್ಟ್‌ವೇರ್ ಕೆಲಸದವಳು. ಹಳೆಯ ಕೋಡ್‌ನಲ್ಲಿ ಅರ್ಥವಾಗದ ಒಂದು ಸಾಲು ಕಂಡರೆ ನಾವು ಅದನ್ನು ಅಳಿಸುವ ಮುಂಚೆ ಯಾಕೆ ಬಂತು ಎಂದು ಹುಡುಕುತ್ತೇವೆ. ಬಹಳಷ್ಟು ಸಲ ಅದರ ಹಿಂದೆ ಎಂದೋ ಆದ ಒಂದು ಅನಾಹುತ ಇರುತ್ತದೆ. ಸೇನೆಯ ಸಂಸಾರಕ್ಕೆ ಸಂಬಂಧಪಟ್ಟ ನಿಯಮಗಳೂ ಹಾಗೆಯೇ. ಇವತ್ತು ಹೊಸ ಮದುಮಗಳಿಗೆ ಸಿಗುವ ಕ್ವಾರ್ಟರ್ಸ್, ಶಾಲೆ, ವಿಮೆ, ಪಿಂಚಣಿ ಇವೆಲ್ಲದರ ಹಿಂದೆ ಇವು ಯಾವುವೂ ಇಲ್ಲದೆ ದಿನ ದೂಡಿದ ಹೆಂಗಸರಿದ್ದಾರೆ. ಅವರ ಕಥೆ ತಿಳಿದುಕೊಂಡರೆ, ಯಾವ ಕಾಗದವನ್ನು ಜೋಪಾನ ಮಾಡಬೇಕು, ಯಾವ ಪ್ರಶ್ನೆಯನ್ನು ನಾಚಿಕೆಯಿಲ್ಲದೆ ಕೇಳಬೇಕು ಎನ್ನುವುದು ತಾನಾಗಿ ತಿಳಿಯುತ್ತದೆ.

ಚೀಟಿ ಎತ್ತಿ ಆರಿಸಿದ ಹೆಂಡಂದಿರು

1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಬ್ರಿಟಿಷ್ ಪಡೆ ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟಿತು. ಅಲ್ಲಿನ ಜ್ವರ ತಾಳಲಾರದೆ 1809ರಲ್ಲಿ ಬೆಂಗಳೂರಿಗೆ ಬಂತು. ಹಲಸೂರಿನ ಸುತ್ತ ಬೆಳೆದ ಆ ದಂಡುಪ್ರದೇಶದ ಹೆಸರು ಇಂದಿಗೂ ದಂಡು ರೈಲು ನಿಲ್ದಾಣದಲ್ಲಿ ಉಳಿದಿದೆ. ದಂಡಿನ ಜೊತೆ ಹೆಂಗಸರೂ ಬಂದರು. ಆದರೆ ಎಲ್ಲರಿಗೂ ಒಂದೇ ಲೆಕ್ಕ ಇರಲಿಲ್ಲ.

ಆ ಕಾಲದ ಬ್ರಿಟಿಷ್ ಸೈನಿಕ ಮದುವೆಯಾಗಲು ತನ್ನ ಕಮಾಂಡಿಂಗ್ ಅಧಿಕಾರಿಯ ಅನುಮತಿ ಪಡೆಯಬೇಕಿತ್ತು. ಅನುಮತಿ ಸಿಕ್ಕಿದ ಹೆಂಡತಿಯ ಹೆಸರು ಪಡೆಯ ಪಟ್ಟಿಗೆ ಸೇರುತ್ತಿತ್ತು, ಅವಳಿಗೆ ಅರ್ಧ ರೇಷನ್ ಮತ್ತು ಬ್ಯಾರಕ್ಕಿನಲ್ಲಿ ಒಂದು ಮೂಲೆ ಸಿಗುತ್ತಿತ್ತು. ಕಂಬಳಿಯನ್ನೋ ಹೊದಿಕೆಯನ್ನೋ ಇಳಿಬಿಟ್ಟು ಮರೆಮಾಡಿಕೊಂಡ ಆ ಮೂಲೆಯೇ ಮನೆ. ಅನುಮತಿ ಇಲ್ಲದೆ ಮದುವೆಯಾದವನ ಹೆಂಡತಿ ಸೇನೆಯ ಲೆಕ್ಕದಲ್ಲಿ ಇರಲೇ ಇಲ್ಲ. ಪಡೆ ಸಮುದ್ರ ದಾಟಿ ಹೋಗುವಾಗ ಸಾಮಾನ್ಯವಾಗಿ 100 ಸೈನಿಕರಿಗೆ 6 ಹೆಂಡಂದಿರನ್ನು ಕರೆದೊಯ್ಯಲು ಅವಕಾಶ. ಭಾರತಕ್ಕಾದರೆ 12. ಯಾರು ಹೋಗಬೇಕು, ಯಾರು ಉಳಿಯಬೇಕು ಎಂಬುದನ್ನು ಹೊರಡುವ ಹೊತ್ತಿಗೆ ಚೀಟಿ ಎತ್ತಿ ತೀರ್ಮಾನಿಸುತ್ತಿದ್ದರು. "ಹೋಗಬಾರದು" ಎಂಬ ಚೀಟಿ ಬಂದವಳು ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು ಬಂದರಿನಿಂದ ವಾಪಸ್ಸು ಹೋಗಬೇಕು. ಗಂಡನನ್ನು ಮತ್ತೆ ನೋಡುವುದು ಎಷ್ಟು ವರ್ಷಕ್ಕೋ, ನೋಡುವುದೇ ಇಲ್ಲವೋ.

ಚೀಟಿ ಗೆದ್ದು ಭಾರತಕ್ಕೆ ಬಂದವಳ ಪಾಡೂ ಸುಖದ್ದಲ್ಲ. ಗಂಡ ಕಾಲರಾಕ್ಕೋ ಜ್ವರಕ್ಕೋ ತುತ್ತಾದರೆ ಅವಳಿಗೆ ಕೆಲವೇ ತಿಂಗಳ ಆಸರೆ. ಅಷ್ಟರೊಳಗೆ ಅದೇ ಪಡೆಯ ಇನ್ನೊಬ್ಬನನ್ನು ಮದುವೆಯಾದರೆ ಸರಿ, ಇಲ್ಲವಾದರೆ ಪಟ್ಟಿಯಿಂದ ಹೆಸರು ಹೋಗುತ್ತದೆ. ಹಾಗಾಗಿ ಕೆಲವೇ ವಾರಗಳಲ್ಲಿ ಮರುಮದುವೆಯಾದವರನ್ನು ಕಂಡು ನಗುತ್ತಿದ್ದ ಜನರಿಗೆ ಅದರ ಹಿಂದಿನ ಹಸಿವು ಕಾಣಲಿಲ್ಲ. ಅಧಿಕಾರಿಗಳ ಮಟ್ಟದಲ್ಲಿ ಒಂದು ಮಾತು ಚಾಲ್ತಿಯಲ್ಲಿತ್ತು: ಲೆಫ್ಟಿನೆಂಟ್ ಮದುವೆಯಾಗಬಾರದು, ಕ್ಯಾಪ್ಟನ್ ಆಗಬಹುದು, ಮೇಜರ್ ಆದರೆ ಒಳ್ಳೆಯದು, ಕರ್ನಲ್ ಆಗಲೇಬೇಕು. ಹೆಂಡತಿ ಅಂದರೆ ಹುದ್ದೆಯ ಜೊತೆ ಬರುವ ಒಂದು ಸಾಮಾನು ಎಂಬಂತೆ.

ಇನ್ನು ಭಾರತೀಯ ಸಿಪಾಯಿಯ ಹೆಂಡತಿ ಹೆಚ್ಚಿನಂಶ ಊರಿನಲ್ಲೇ ಉಳಿದಳು. ಅತ್ತೆ, ಮಾವ, ಹೊಲ, ದನ ಅವಳ ಪಾಲಿಗೆ. ಗಂಡ ರಜೆಗೆ ಬಂದಾಗ ಮಾತ್ರ ಸಂಸಾರ. 1880ರಲ್ಲಿ ಅಂಚೆ ಇಲಾಖೆ ಮನಿಯಾರ್ಡರ್ ಸೇವೆ ಶುರುಮಾಡಿದ ಮೇಲೆ ಪೋಸ್ಟ್‌ಮ್ಯಾನ್ ತರುವ ಹಣ ಸಂಸಾರದ ಆಧಾರವಾಯಿತು. ಆದರೆ ಹಣ ಬರುತ್ತಿದ್ದುದು ಬಹಳ ಸಲ ಮಾವನ ಹೆಸರಿಗೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಕಾಗದವೇ ಸಂಸಾರ

1918ರ ಸೆಪ್ಟೆಂಬರ್ 23ರಂದು ಇಂದಿನ ಇಸ್ರೇಲಿನಲ್ಲಿರುವ ಹೈಫಾ ಪಟ್ಟಣವನ್ನು ಗೆದ್ದ ಅಶ್ವದಳಗಳಲ್ಲಿ ಮೈಸೂರು ಲ್ಯಾನ್ಸರ್ಸ್ ಒಂದು. ದೆಹಲಿಯ ತೀನ್ ಮೂರ್ತಿಯಲ್ಲಿರುವ ಮೂರು ವಿಗ್ರಹಗಳು ಜೋಧಪುರ, ಹೈದರಾಬಾದ್ ಮತ್ತು ಮೈಸೂರಿನ ಈ ಪಡೆಗಳ ನೆನಪು. ಬೆಂಗಳೂರಿನ ಜಯಚಾಮರಾಜೇಂದ್ರ ನಗರದ ಬಳಿಯೂ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ಆ ಸವಾರರ ಹೆಂಡಂದಿರು ನಾಲ್ಕು ವರ್ಷ ಹೇಗೆ ಬದುಕಿದರು ಎಂಬುದನ್ನು ಯಾವ ಸ್ಮಾರಕವೂ ಹೇಳುವುದಿಲ್ಲ.

ಒಂದಿಷ್ಟು ಸುಳಿವು ಸಿಗುವುದು ಆ ಯುದ್ಧದ ಪತ್ರಗಳಲ್ಲಿ. ಫ್ರಾನ್ಸಿನಲ್ಲಿದ್ದ ಭಾರತೀಯ ಸೈನಿಕರ ಪತ್ರಗಳನ್ನು ಬ್ರಿಟಿಷ್ ಸೆನ್ಸಾರ್ ಕಚೇರಿ ಓದಿ, ಅನುವಾದಿಸಿ, ವರದಿ ಮಾಡುತ್ತಿತ್ತು. ಆ ವರದಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಉಳಿದಿವೆ. ಓದುಬರಹ ಬಾರದ ಹೆಂಡತಿ ಊರಿನ ಯಾರಿಂದಲೋ ಬರೆಸಬೇಕು. ಓದುಬರಹ ಬಾರದ ಗಂಡ ಪಡೆಯ ಯಾರಿಂದಲೋ ಓದಿಸಿಕೊಳ್ಳಬೇಕು. ನಡುವೆ ಸರ್ಕಾರ ಇಣುಕಬೇಕು. ಗಂಡಹೆಂಡಿರ ನಡುವೆ ಕನಿಷ್ಠ ಮೂವರು ಅಪರಿಚಿತರು. ನಮ್ಮ ವಿಡಿಯೋ ಕಾಲ್ ಸ್ವಲ್ಪ ತಡವರಿಸಿದರೆ ಸಿಡಿಮಿಡಿಗೊಳ್ಳುವ ನಾವು ಇದನ್ನು ಒಮ್ಮೆ ಯೋಚಿಸಬೇಕು.

ಸ್ವಾತಂತ್ರ್ಯ ಬಂದ ಮೇಲೆ ಸೆನ್ಸಾರಿನ ಸ್ವರೂಪ ಬದಲಾಯಿತು, ವಿಳಾಸದ ಗುಟ್ಟು ಉಳಿಯಿತು. ಸೈನಿಕನ ನಂಬರ್, ಹುದ್ದೆ, ಹೆಸರು, ಘಟಕ, ಕೆಳಗೆ "56 ಎಪಿಒ" ಅಥವಾ "99 ಎಪಿಒ". ಊರಿನ ಹೆಸರಿಲ್ಲದ ವಿಳಾಸ. ಗಂಡ ಲಡಾಖಿನಲ್ಲಿದ್ದರೂ ಅದೇ, ರಾಜಸ್ಥಾನದಲ್ಲಿದ್ದರೂ ಅದೇ. ಧಾರವಾಡ, ವಿಜಯಪುರ, ಹಾಸನ ಜಿಲ್ಲೆಗಳ ಎಷ್ಟೋ ಮನೆಗಳಲ್ಲಿ ಎಲ್ಲಿದ್ದಾನೆಂದು ಗೊತ್ತಿಲ್ಲದವನಿಗೆ ಇನ್‌ಲ್ಯಾಂಡ್ ಪತ್ರ ಬರೆದು, ಉತ್ತರ ಬರುವ ತನಕ ದಿನ ಎಣಿಸಿದ ತಾಯಂದಿರು, ಹೆಂಡಂದಿರು ಇದ್ದಾರೆ. ಸೇನಾ ಅಂಚೆ ಸೇವೆ 1972ರ ಮಾರ್ಚ್ 1ರಂದು ಪ್ರತ್ಯೇಕ ಕೋರ್ ಆಯಿತು. ಮದುವೆಯಾದ ಹೊಸತರಲ್ಲಿ ಗಂಡನ ಪರಿಚಯವೇ ಕಾಗದದ ಮೂಲಕ ಆದ ಪೀಳಿಗೆ ಅದು.

ಕ್ವೆಟ್ಟಾದ ಮದುಮಗಳು

ಹೊಸ ಸೈನಿಕ ಪತ್ನಿ ಎಂದಾಗ ನನಗೆ ಮೊದಲು ನೆನಪಾಗುವುದು ಕೊಡಗಿನ ನೀನಾ ತಿಮ್ಮಯ್ಯ. ಕೆ. ಎಸ್. ತಿಮ್ಮಯ್ಯ 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದವರು, ಮುಂದೆ 1957ರಿಂದ 1961ರವರೆಗೆ ಭೂಸೇನಾ ಮುಖ್ಯಸ್ಥರಾದವರು. ಅವರು ನೀನಾರನ್ನು ಮದುವೆಯಾದದ್ದು 1935ರಲ್ಲಿ. ಆಗ ತಿಮ್ಮಯ್ಯನವರ ಪೋಸ್ಟಿಂಗ್ ಈಗ ಪಾಕಿಸ್ತಾನದಲ್ಲಿರುವ ಕ್ವೆಟ್ಟಾಗೆ. ಕಾಫಿ ತೋಟದ ನಾಡಿನಿಂದ ಬಲೂಚಿಸ್ತಾನದ ಒಣ ಬೆಟ್ಟಗಳ ನಡುವಿನ ದಂಡುಪ್ರದೇಶಕ್ಕೆ.

ಅದೇ ವರ್ಷ ಮೇ 31ರ ನಸುಕಿನಲ್ಲಿ ಕ್ವೆಟ್ಟಾದಲ್ಲಿ ಭೂಕಂಪವಾಯಿತು. ಊರು ಮಲಗಿದ್ದಾಗಲೇ ನೆಲಸಮವಾಯಿತು. ಸತ್ತವರ ಸಂಖ್ಯೆಯನ್ನು 30,000ದಿಂದ 60,000ದವರೆಗೆ ಅಂದಾಜು ಮಾಡುತ್ತಾರೆ. ಮದುವೆಯಾದ ವರ್ಷವೇ, ಭಾಷೆ ಬೇರೆಯಾದ ಊರಿನಲ್ಲಿ, ನೀನಾ ಗಾಯಾಳುಗಳ, ಮನೆ ಕಳೆದುಕೊಂಡವರ ಸೇವೆಗೆ ನಿಂತರು. ಆ ಕೆಲಸಕ್ಕೆ ಅವರಿಗೆ ಕೈಸರ್-ಇ-ಹಿಂದ್ ಪದಕ ಬಂತು. ಮರುವರ್ಷ ಮಗಳು ಹುಟ್ಟಿದಳು.

ಅವರನ್ನು ಯಾರೂ ಇದಕ್ಕೆ ತಯಾರು ಮಾಡಿರಲಿಲ್ಲ. ಇಂಗ್ಲೆಂಡಿನಿಂದ ಬರುವ ಮೇಮ್‌ಸಾಹೇಬರಿಗಾದರೆ 1888ರಲ್ಲೇ ಫ್ಲೋರಾ ಆನಿ ಸ್ಟೀಲ್ ಮತ್ತು ಗ್ರೇಸ್ ಗಾರ್ಡಿನರ್ ಭಾರತದಲ್ಲಿ ಮನೆ ನಡೆಸುವ ಬಗೆ ತಿಳಿಸುವ ದೊಡ್ಡ ಕೈಪಿಡಿ ಬರೆದಿದ್ದರು. ಭಾರತೀಯ ಅಧಿಕಾರಿಯ ಹೆಂಡತಿಗೆ ಅಂಥದ್ದೂ ಇರಲಿಲ್ಲ. ಬ್ರಿಟಿಷರ ಮೆಸ್ಸಿನಲ್ಲಿ ಅವರ ರೀತಿ, ಊರಿಗೆ ಬಂದಾಗ ಐನ್‌ಮನೆಯ ರೀತಿ, ಎರಡನ್ನೂ ನಿಭಾಯಿಸಬೇಕು. ಎಲ್ಲರಿಂದ ಅದು ಆಗಲೂ ಇಲ್ಲ. ಕೊಡಗಿನವರೇ ಆದ ಫೀಲ್ಡ್ ಮಾರ್ಷಲ್ ಕೆ. ಎಂ. ಕಾರ್ಯಪ್ಪ 1937ರಲ್ಲಿ ಮದುವೆಯಾದರು, 1945ರಲ್ಲಿ ದಂಪತಿ ಬೇರೆಯಾದರು. 1949ರ ಜನವರಿ 15ರಂದು ಅವರು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದದ್ದು ನಮಗೆಲ್ಲ ಬಾಯಿಪಾಠ. ಆ ಎತ್ತರದ ಬದುಕಿನ ಪಕ್ಕದಲ್ಲಿ ಒಂದು ಸಂಸಾರ ಉಳಿಯಲಿಲ್ಲ ಎಂಬುದೂ ಆ ಇತಿಹಾಸದ ಭಾಗವೇ. ತೀರ್ಪು ಕೊಡುವುದಕ್ಕೆ ಇದನ್ನು ಹೇಳುತ್ತಿಲ್ಲ. ಸೇನೆಯ ದಾಂಪತ್ಯ ಅಂದರೆ ಬರೀ ಫೋಟೋದಲ್ಲಿ ಕಾಣುವ ಕತ್ತಿ ಕಮಾನಲ್ಲ ಎಂದಷ್ಟೇ.

ಒಂದೊಂದಾಗಿ ಬಂದ ಅನುಕೂಲಗಳು

ಸ್ವತಂತ್ರ ಭಾರತದಲ್ಲಿ ಸೈನಿಕ ಕುಟುಂಬದ ಅನುಕೂಲಗಳು ಒಟ್ಟಿಗೆ ಬರಲಿಲ್ಲ. ಕ್ಯಾಂಟೀನ್ ಸ್ಟೋರ್ಸ್ ಡಿಪಾರ್ಟ್‌ಮೆಂಟ್ 1948ರ ಜನವರಿ 1ರಂದು ಶುರುವಾಯಿತು. ಅದರ ಮುಖ್ಯ ಕಚೇರಿ ಮುಂಬೈಯಲ್ಲಿದೆ. ಮಕ್ಕಳ ಶಾಲೆ ದೊಡ್ಡ ಸಮಸ್ಯೆಯಾಗಿತ್ತು: ಎರಡು ಮೂರು ವರ್ಷಕ್ಕೊಮ್ಮೆ ರಾಜ್ಯ ಬದಲಾದರೆ ಭಾಷೆಯೂ ಬದಲು, ಪಾಠವೂ ಬದಲು. 1963ರಲ್ಲಿ 20 ರೆಜಿಮೆಂಟಲ್ ಶಾಲೆಗಳನ್ನು ಸೇರಿಸಿ ಕೇಂದ್ರೀಯ ಶಾಲೆಗಳ ವ್ಯವಸ್ಥೆ ಹುಟ್ಟಿತು. ಇವತ್ತು ನಮ್ಮ ಮಕ್ಕಳು ಹೋಗುವ ಕೇಂದ್ರೀಯ ವಿದ್ಯಾಲಯಗಳ ಮೂಲ ಅದು. ಬ್ಯಾಂಕಿನವರು, ರೈಲ್ವೆಯವರು, ವರ್ಗಾವಣೆಯಾಗುವ ಎಲ್ಲ ಕೇಂದ್ರ ನೌಕರರು ಸೇನೆಯ ತಾಯಂದಿರ ತಾಪತ್ರಯಕ್ಕೆ ಋಣಿಗಳು. 1983ರಲ್ಲಿ ಸೇನೆ ತನ್ನದೇ ಶಿಕ್ಷಣ ಸಂಸ್ಥೆ ಕಟ್ಟಿತು. ಆರ್ಮಿ ಪಬ್ಲಿಕ್ ಶಾಲೆಗಳು ಅದರ ಆಡಳಿತದಲ್ಲಿವೆ.

1966ರ ಆಗಸ್ಟ್ 23ರಂದು ಆರ್ಮಿ ವೈವ್ಸ್ ವೆಲ್‌ಫೇರ್ ಅಸೋಸಿಯೇಷನ್, ಅಂದರೆ "ಆವಾ" ನೋಂದಣಿಯಾಯಿತು. 1965ರ ಯುದ್ಧ ಮುಗಿದು ವರ್ಷವೂ ತುಂಬಿರಲಿಲ್ಲ. ಹೊಲಿಗೆ ತರಬೇತಿ, ವಿಶೇಷ ಚೇತನ ಮಕ್ಕಳಿಗೆ ಆಶಾ ಶಾಲೆಗಳು, ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ ವೀರ ನಾರಿಯರಿಗೆ ನೆರವು, ಹೀಗೆ ಅದರ ಕೆಲಸ ದೊಡ್ಡದು. ವಾಯುಪಡೆ, ನೌಕಾಪಡೆಗಳಲ್ಲೂ ಇಂಥ ಸಂಘಗಳಿವೆ. ಕಾರವಾರದ ಕದಂಬ ನೌಕಾನೆಲೆಗೆ, ಬೀದರಿನ ವಾಯುನೆಲೆಗೆ ಹೋಗುವ ಹುಡುಗಿಯರು ಮೊದಲ ವಾರದಲ್ಲೇ ಇವುಗಳ ಪರಿಚಯ ಮಾಡಿಕೊಳ್ಳುತ್ತಾರೆ.

ಒಂದು ಮಾತನ್ನು ಮುಚ್ಚಿಡುವುದು ಬೇಡ. ಆವಾದ ಅಧ್ಯಕ್ಷೆ ಭೂಸೇನಾ ಮುಖ್ಯಸ್ಥರ ಹೆಂಡತಿ. ಕೆಳಗಿನ ಘಟಕಗಳಲ್ಲೂ ಅದೇ ಪದ್ಧತಿ. ಗಂಡನ ಭುಜದ ಮೇಲಿನ ನಕ್ಷತ್ರಗಳು ಹೆಂಡತಿಯ ಕುರ್ಚಿಯನ್ನೂ ಗೊತ್ತುಮಾಡುತ್ತವೆ. ಓದು, ಅನುಭವ, ವಯಸ್ಸು ಲೆಕ್ಕಕ್ಕೆ ಬರುವುದು ಆಮೇಲೆ. ಹೊಸಬಳಿಗೆ ಇದು ಕಿರಿಕಿರಿ ಅನ್ನಿಸಬಹುದು. ಆದರೆ ಗಂಡ ಗಡಿಯಲ್ಲಿದ್ದು, ನಡುರಾತ್ರಿ ಮಗುವಿಗೆ ಜ್ವರ ಏರಿದಾಗ ಬಾಗಿಲು ತಟ್ಟಿದರೆ ತೆರೆಯುವುದೂ ಅದೇ ಸಾಲುಮನೆಯ ಹಿರಿಯಳೇ.

ಸುದ್ದಿ ಬಾರದ ಮನೆಗಳು

1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಮರಳಲಿಲ್ಲ. ಏನಾಯಿತೆಂದು ಇಲ್ಲಿ ಯಾರಿಗೂ ತಿಳಿಯಲಿಲ್ಲ. ಅವರು ತಮ್ಮ ಹಳೆಯ ಮಿಸ್ಟೇರ್ ವಿಮಾನದಲ್ಲೇ ಶತ್ರುವಿನ ಅತ್ಯಾಧುನಿಕ ಸ್ಟಾರ್‌ಫೈಟರ್ ವಿಮಾನವನ್ನು ಉರುಳಿಸಿದ್ದರು ಎಂಬುದು ಹೊರಬಂದದ್ದು 1979ರಲ್ಲಿ, ವಿದೇಶಿ ಲೇಖಕರೊಬ್ಬರ ಪುಸ್ತಕದಿಂದ. ಮಹಾವೀರ ಚಕ್ರ ಘೋಷಣೆಯಾದದ್ದು 1988ರಲ್ಲಿ. ಅವರ ಪತ್ನಿ ಸುಂದರಿ ದೇವಯ್ಯ ಅದನ್ನು ಸ್ವೀಕರಿಸುವ ಹೊತ್ತಿಗೆ 23 ವರ್ಷ ಕಳೆದಿತ್ತು.

1971ರ ಯುದ್ಧದಲ್ಲಿ ಫ್ಲೈಟ್ ಲೆಫ್ಟಿನೆಂಟ್ ವಿಜಯ್ ವಸಂತ್ ತಾಂಬೆ ಡಿಸೆಂಬರ್ 5ರಂದು ಪಾಕಿಸ್ತಾನದ ಮೇಲೆ ಹಾರಾಟಕ್ಕೆ ಹೋದವರು ಹಿಂತಿರುಗಲಿಲ್ಲ. ಪತ್ನಿ ದಮಯಂತಿ ತಾಂಬೆ ಬ್ಯಾಡ್ಮಿಂಟನ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್, ಅರ್ಜುನ ಪ್ರಶಸ್ತಿ ಪಡೆದವರು. ಮದುವೆಯಾಗಿ ಎರಡು ವರ್ಷವೂ ತುಂಬಿರಲಿಲ್ಲ. ಗಂಡ ಅಲ್ಲಿನ ಸೆರೆಯಲ್ಲಿರಬಹುದು ಎಂಬ ನಂಬಿಕೆಯಲ್ಲಿ ಅವರು ದಶಕಗಳ ಕಾಲ ಸರ್ಕಾರಗಳ ಬಾಗಿಲು ತಟ್ಟಿದರು. 2007ರಲ್ಲಿ ನಾಪತ್ತೆಯಾದವರ ಕುಟುಂಬದವರು ಪಾಕಿಸ್ತಾನಕ್ಕೇ ಹೋಗಿ ಜೈಲುಗಳನ್ನು ನೋಡಿ ಬಂದರು. "ನಾಪತ್ತೆಯಾದ 54 ಮಂದಿ" ಎಂದು ಪತ್ರಿಕೆಗಳಲ್ಲಿ ಬರುವ ಸಂಖ್ಯೆಯ ಹಿಂದೆ ಇಂಥ ಮನೆಗಳಿವೆ. ನಮ್ಮ ಸಾಕ್ಷ್ಯ ಕಾನೂನಿನ ಪ್ರಕಾರ ಏಳು ವರ್ಷ ಸುದ್ದಿಯೇ ಇಲ್ಲದವರನ್ನು ಸತ್ತರೆಂದು ಭಾವಿಸಬಹುದು. ಕಾನೂನು ಏಳು ವರ್ಷಕ್ಕೆ ಭಾವಿಸಿದ್ದನ್ನು ಮನಸ್ಸು ಐವತ್ತು ವರ್ಷವಾದರೂ ಒಪ್ಪಬೇಕೆಂದೇನೂ ಇಲ್ಲ.

1971ರ ಯುದ್ಧದ ನಂತರ ಎಳೆಯ ವಯಸ್ಸಿನ ವಿಧವೆಯರ ಪಾಡು ಕಂಡು ವಿ. ಮೋಹಿನಿ ಗಿರಿ 1972ರಲ್ಲಿ ದೆಹಲಿಯಲ್ಲಿ ಯುದ್ಧ ವಿಧವೆಯರ ಸಂಘ ಕಟ್ಟಿದರು. ಹಿಂದೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದು, ಆಗ ರಾಷ್ಟ್ರಪತಿಯಾಗಿದ್ದ ವಿ. ವಿ. ಗಿರಿಯವರ ಸೊಸೆ ಅವರು. ಯುದ್ಧದಲ್ಲಿ ಮಡಿದವರ ಕುಟುಂಬಕ್ಕೆ ಹೆಚ್ಚಿನ ಪಿಂಚಣಿ ಕೊಡುವ ಉದಾರೀಕೃತ ಪಿಂಚಣಿ ನಿಯಮ ಜಾರಿಯಾದದ್ದೂ 1972ರಿಂದಲೇ. ಸೇನೆಯ ಗುಂಪು ವಿಮೆ ಶುರುವಾದದ್ದು 1976ರಲ್ಲಿ.

1999ರ ಕಾರ್ಗಿಲ್ ಇನ್ನೊಂದು ತಿರುವು. ಅದಕ್ಕೂ ಮುಂಚಿನ ಯುದ್ಧಗಳಲ್ಲಿ ಮಡಿದವರ ಸಂಸ್ಕಾರ ಹೆಚ್ಚಾಗಿ ರಣರಂಗದ ಬಳಿಯೇ ಆಗುತ್ತಿತ್ತು. ಮನೆಗೆ ಬರುತ್ತಿದ್ದುದು ತಂತಿ, ಆಮೇಲೆ ಅವರ ಸಾಮಾನು. ಕಾರ್ಗಿಲ್‌ನಲ್ಲಿ ಪಾರ್ಥಿವ ಶರೀರಗಳನ್ನು ಊರಿಗೆ ಕಳಿಸಿದರು. ಹೆಂಡತಿಗೆ ಕೊನೆಯ ಬಾರಿ ಮುಖ ನೋಡುವ ಹಕ್ಕು ಸಿಕ್ಕಿತು. ಜೊತೆಗೆ ಕ್ಯಾಮೆರಾಗಳ ಮುಂದೆ ಧೈರ್ಯವಾಗಿ ನಿಲ್ಲಬೇಕಾದ ಭಾರವೂ ಬಂತು.

ಮೈದುನನನ್ನೇ ಮದುವೆಯಾಗಬೇಕೆಂಬ ನಿಯಮ

ಚೀಟಿ ಎತ್ತುವ ಕಾಲದ ವಿಧವೆಯ ಮಾತು ಹೇಳಿದೆನಲ್ಲ, ಅದರ ನೆರಳು ನಮ್ಮ ಕಾಲದವರೆಗೂ ಬಂತು. ಶೌರ್ಯ ಪದಕ ಪಡೆದವರ ವಿಧವೆಗೆ ಪದಕದ ಜೊತೆ ಮಾಸಿಕ ಭತ್ಯೆ ಬರುತ್ತದೆ. ಅವಳು ಮರುಮದುವೆಯಾದರೆ ಅದು ನಿಲ್ಲುತ್ತಿತ್ತು. 1995ರಲ್ಲಿ ಒಂದು ಸಡಿಲಿಕೆ ಬಂತು: ತೀರಿಹೋದ ಗಂಡನ ತಮ್ಮನನ್ನೋ ಅಣ್ಣನನ್ನೋ ಮದುವೆಯಾದರೆ ಭತ್ಯೆ ಮುಂದುವರಿಯುತ್ತದೆ, ಬೇರೆಯವರನ್ನಾದರೆ ಇಲ್ಲ. ಹಣ ಆ ಮನೆಯಿಂದ ಹೊರಗೆ ಹೋಗಬಾರದು ಎಂಬ ಲೆಕ್ಕ. ಮನಿಯಾರ್ಡರ್ ಮಾವನ ಹೆಸರಿಗೆ ಬರುತ್ತಿದ್ದ ಕಾಲದ ಯೋಚನೆಯೇ ಇದು. 2017ರ ನವೆಂಬರಿನಲ್ಲಿ ರಕ್ಷಣಾ ಸಚಿವಾಲಯ ಈ ಷರತ್ತನ್ನು ತೆಗೆದುಹಾಕಿತು. ಪದಕದ ಗೌರವ ಅವಳದ್ದು, ಬದುಕಿನ ಆಯ್ಕೆಯೂ ಅವಳದ್ದು ಎಂದು ಕಾಗದದ ಮೇಲೆ ಒಪ್ಪಲು ಸ್ವಾತಂತ್ರ್ಯ ಬಂದು 70 ವರ್ಷ ಬೇಕಾಯಿತು.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಸಾತಾರಾದ ಸ್ವಾತಿ ಮಹಾಡಿಕ್ ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿಯಿಂದ ಲೆಫ್ಟಿನೆಂಟ್ ಆಗಿ ಹೊರಬಂದರು. ಅವರ ಪತಿ ಕರ್ನಲ್ ಸಂತೋಷ್ ಮಹಾಡಿಕ್ 2015ರ ನವೆಂಬರ್ 17ರಂದು ಕುಪ್ವಾರಾದಲ್ಲಿ ಮಡಿದಿದ್ದರು. ಎರಡು ಮಕ್ಕಳ ತಾಯಿ, ವಯಸ್ಸಿನ ಮಿತಿಗೆ ವಿನಾಯಿತಿ ಪಡೆದು, ತಮಗಿಂತ ಎಷ್ಟೋ ಚಿಕ್ಕವರ ಜೊತೆ ಓಡಿ, ತೆವಳಿ ತರಬೇತಿ ಮುಗಿಸಿದರು.

ಎಲ್ಲರ ದಾರಿ ಹೀಗಿರುವುದಿಲ್ಲ. ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಕನ್ನಡಿಗರು ಮರೆತಿಲ್ಲ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು 10 ಮಂದಿ ಹೂತುಹೋದರು. ಆರು ದಿನಗಳ ನಂತರ ಹನುಮಂತಪ್ಪ ಜೀವಂತ ಸಿಕ್ಕರು, 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ದಿನಗಳಲ್ಲಿ ದೇಶವೆಲ್ಲ ಪ್ರಾರ್ಥಿಸಿತು. ಊರಿನಲ್ಲಿದ್ದ ಹೆಂಡತಿಗೆ ಮೊದಲು ಹೋದ ಸುದ್ದಿ, ಆಮೇಲೆ ಇದ್ದಾರೆ ಎಂಬ ಸುದ್ದಿ, ಮತ್ತೆ ಹೋದರೆಂಬ ಸುದ್ದಿ. ಜವಾನನ ಹೆಂಡತಿಗೆ ಕ್ಲಬ್ ಇಲ್ಲ, ಮೆಸ್ ಇಲ್ಲ, ಪಕ್ಕದ ಮನೆಯ ಕ್ಯಾಪ್ಟನ್ ಹೆಂಡತಿ ಇಲ್ಲ. ಇರುವುದು ಹಳ್ಳಿ, ಅತ್ತೆಮನೆ ಮತ್ತು ಒಂದು ಮೊಬೈಲ್ ಫೋನ್. ವಿವಾಹಿತರಿಗಾಗಿ ಸುಮಾರು 2 ಲಕ್ಷ ಮನೆ ಕಟ್ಟುವ ಯೋಜನೆ 2002ರಲ್ಲಿ ಶುರುವಾಯಿತು. ಆದರೂ ಜವಾನನಿಗೆ ಕ್ವಾರ್ಟರ್ಸ್ ಸಿಗುವುದು ಸರದಿಯ ಮೇಲೆ, ಅದೂ ಕೆಲವು ಕಾಲಕ್ಕೆ. ಸೈನಿಕ ಪತ್ನಿ ಎಂದಾಗ ನಾವು ಬರೀ ಅಧಿಕಾರಿಯ ಹೆಂಡತಿಯನ್ನು ಕಣ್ಣಮುಂದೆ ತಂದುಕೊಂಡರೆ ಅರ್ಧಕ್ಕಿಂತ ಹೆಚ್ಚು ಇತಿಹಾಸವನ್ನು ಬಿಟ್ಟಂತೆ.

"ಅಕ್ಕಾ, ಕೆಲಸ ಬಿಡಬೇಕಾ?"

ನನ್ನ ಚಿಕ್ಕಮ್ಮನ ಮಗಳು ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಹುಬ್ಬಳ್ಳಿ ಕಡೆಯ ಕ್ಯಾಪ್ಟನ್ ಜೊತೆ ಮದುವೆ ನಿಶ್ಚಯವಾದಾಗ ಅವಳು ನನಗೆ ಕೇಳಿದ ಮೊದಲ ಪ್ರಶ್ನೆ ಇದು. ಸಾವಿನ ಭಯಕ್ಕಿಂತ ಈ ಪ್ರಶ್ನೆಯೇ ಅವಳನ್ನು ಹೆಚ್ಚು ಕಾಡಿತ್ತು.

ಹಿಂದಿನ ಪೀಳಿಗೆಯವರು ಇದಕ್ಕೆ ಕಂಡುಕೊಂಡ ಉತ್ತರ ಬಿ.ಎಡ್. ಯಾವ ಊರಿಗೆ ಹೋದರೂ ಒಂದು ಸೈನಿಕ ಶಾಲೆಯೋ ಕೇಂದ್ರೀಯ ವಿದ್ಯಾಲಯವೋ ಇರುತ್ತದೆ, ಪಾಠ ಹೇಳಬಹುದು ಎಂಬ ಲೆಕ್ಕ. ವೈದ್ಯೆಯರು, ವಕೀಲೆಯರು, ವಿಜ್ಞಾನ ಓದಿದವರು ತಮ್ಮ ವಿದ್ಯೆ ಬದಿಗಿಟ್ಟು ಹಾಗೆ ಮಾಡಿದ್ದಾರೆ. ಈಗ ಮನೆಯಿಂದಲೇ ಕೆಲಸ ಮಾಡುವ ಅನುಕೂಲ ಬಂದಿದೆ. ಆದರೂ ಎಲ್ಲ ದಂಡುಪ್ರದೇಶಗಳಲ್ಲಿ ಇಂಟರ್‌ನೆಟ್ ಒಂದೇ ಥರ ಇರುವುದಿಲ್ಲ, ಎಲ್ಲ ಮ್ಯಾನೇಜರುಗಳೂ ಒಂದೇ ಥರ ಇರುವುದಿಲ್ಲ. ನಾನು ಅವಳಿಗೆ ಹೇಳಿದ್ದು ಇಷ್ಟು: "ಬಿಡಬೇಡ ಕಣೇ. ಗಂಡ ಫೀಲ್ಡ್‌ಗೆ ಹೋದ ವರ್ಷಗಳು ನಿನ್ನ ಕೆಲಸಕ್ಕೆ, ಪೀಸ್ ಪೋಸ್ಟಿಂಗ್ ಬಂದ ವರ್ಷಗಳು ಒಟ್ಟಿಗೆ ಇರುವುದಕ್ಕೆ. ಹೀಗೆ ಇಬ್ಬರೂ ಕೂತು ಮುಂಚೆಯೇ ಮಾತಾಡಿಕೊಳ್ಳಿ."

ಇತಿಹಾಸ ಇಲ್ಲೂ ತಿರುಗುತ್ತಿದೆ. 1992ರಲ್ಲಿ ವೈದ್ಯಕೀಯ ವಿಭಾಗದಾಚೆಗೂ ಮಹಿಳಾ ಅಧಿಕಾರಿಗಳ ನೇಮಕ ಶುರುವಾಯಿತು. 2020ರ ಫೆಬ್ರುವರಿ 17ರಂದು ಸುಪ್ರೀಂ ಕೋರ್ಟ್ ಭೂಸೇನೆಯ ಮಹಿಳಾ ಅಧಿಕಾರಿಗಳಿಗೂ ಕಾಯಂ ಕಮಿಷನ್ ಕೊಡಬೇಕೆಂದು ತೀರ್ಪು ಕೊಟ್ಟಿತು. ಸೇನೆಯಲ್ಲಿ ಇರುವವಳು ಹೆಂಡತಿ, ಟ್ರಂಕು ಕಟ್ಟುವವನು ಗಂಡ, ಅಂಥ ಸಂಸಾರಗಳೂ ಈಗ ಇವೆ. ಮುಂದೆ ಇಂಥ ಲೇಖನವನ್ನು ಮದುಮಗನಿಗಾಗಿಯೂ ಬರೆಯಬೇಕಾಗುತ್ತದೆ.

ಇತಿಹಾಸ ಕಲಿಸಿದ ತಯಾರಿ

ಇಷ್ಟೆಲ್ಲ ಹೇಳಿದ ಮೇಲೆ ಮದುಮಗಳ ಕೈಗೆ ಏನು ಕೊಡಬೇಕು? ನನಗೆ ತೋಚಿದ ಐದು ವಿಷಯಗಳು.

ಒಂದು, ಭಾಗ-2 ಆದೇಶ. ಸೈನಿಕನ ಮದುವೆ ಅವನ ಘಟಕದ ಪಾರ್ಟ್-2 ಆರ್ಡರಿನಲ್ಲಿ ಒಂದು ಸಾಲಾಗಿ ಪ್ರಕಟವಾಗಬೇಕು. ಮಗು ಹುಟ್ಟಿದಾಗಲೂ ಅಷ್ಟೇ. ಛತ್ರದಲ್ಲಿ ಸಾವಿರ ಜನ ಊಟ ಮಾಡಿದ್ದರೂ ಆ ಒಂದು ಸಾಲು ಬರುವ ತನಕ ಸೇನೆಯ ಲೆಕ್ಕದಲ್ಲಿ ನೀವು ಇನ್ನೂ ಹೆಂಡತಿಯಾಗಿಲ್ಲ. ಮದುವೆ ನೋಂದಣಿ ಪತ್ರ ಮಾಡಿಸಿ, ಆ ಸಾಲು ಬಂದಿತೇ ಎಂದು ಕೇಳಿ, ಪ್ರತಿ ಇಟ್ಟುಕೊಳ್ಳಿ. ನಿಮ್ಮ ಹೆಸರಿನ ಅಕ್ಷರಗಳು ಆಧಾರ್, ಬ್ಯಾಂಕು, ಆದೇಶ ಎಲ್ಲದರಲ್ಲೂ ಒಂದೇ ಥರ ಇರಲಿ.

ಎರಡು, ನಾಮಿನಿ. ಮದುವೆಗೆ ಮುಂಚೆ ಹುಡುಗ ಸಾಮಾನ್ಯವಾಗಿ ತಂದೆತಾಯಿಯ ಹೆಸರು ಕೊಟ್ಟಿರುತ್ತಾನೆ. ಗುಂಪು ವಿಮೆ, ಭವಿಷ್ಯ ನಿಧಿ, ಬ್ಯಾಂಕು ಎಲ್ಲವನ್ನೂ ಒಮ್ಮೆ ನೋಡಿ. ಅತ್ತೆಮಾವಂದಿರ ಪಾಲು, ಹೆಂಡತಿಯ ಪಾಲು ಎಷ್ಟೆಂದು ಎಲ್ಲರೂ ಚೆನ್ನಾಗಿರುವಾಗಲೇ ಮಾತಾಡಿ ಬರೆದಿಡುವುದು ಲೇಸು. ಮಗನನ್ನು ಬೆಳೆಸಿದವರಿಗೂ ಹಕ್ಕಿದೆ, ಸೊಸೆಗೂ ಇದೆ. ಮಾತಾಡದೆ ಬಿಟ್ಟದ್ದು ದುಃಖದ ಹೊತ್ತಿನಲ್ಲಿ ಜಗಳವಾಗಿ, ಟಿವಿಯಲ್ಲಿ ಚರ್ಚೆಯಾಗುವುದನ್ನು ನಾವು ಈಚೆಗೆ ಕಂಡಿದ್ದೇವೆ.

ಮೂರು, ಫೋನ್ ನಂಬರುಗಳು. ಗಂಡನ ಘಟಕದ ಅಡ್ಜುಟೆಂಟ್ ಅಥವಾ ಸುಬೇದಾರ್ ಮೇಜರ್, ರೆಕಾರ್ಡ್ ಆಫೀಸ್, ನಿಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿ, ಸುತ್ತಮುತ್ತಲಿನ ಸೇನಾ ಆಸ್ಪತ್ರೆ. ಮೊಬೈಲಿನಲ್ಲಷ್ಟೇ ಅಲ್ಲ, ಒಂದು ಡೈರಿಯಲ್ಲೂ ಬರೆದಿಡಿ.

ನಾಲ್ಕು, ಸ್ವಂತ ಕಾಲು. ಸ್ಕೂಟರೋ ಕಾರೋ ಓಡಿಸಲು ಕಲಿಯಿರಿ. ಹಿಂದಿ ಸರಾಗವಾಗಲಿ. ನಿಮ್ಮ ಹೆಸರಿನಲ್ಲೇ ಒಂದು ಖಾತೆ ಇರಲಿ, ಇಬ್ಬರ ಹೆಸರಿನಲ್ಲಿ ಇನ್ನೊಂದು ಇರಲಿ. ಗಂಡ ಇಲ್ಲದ ಊರಿನಲ್ಲಿ ಗ್ಯಾಸ್, ಬಾಡಿಗೆ, ಆಸ್ಪತ್ರೆ ಎಲ್ಲ ನಿಮ್ಮ ಮೇಲೆಯೇ ಬರುತ್ತದೆ.

ಐದು, ಟ್ರಂಕು. ಬಿಳಿ ಅಕ್ಷರದಲ್ಲಿ ಹೆಸರು, ನಂಬರ್ ಬರೆದ ಕಪ್ಪು ಟ್ರಂಕುಗಳು ಸೇನೆಯ ಪ್ರತಿ ಮನೆಯಲ್ಲೂ ಇರುತ್ತವೆ. ಮಂಚವಾಗಿ, ಮೇಜಾಗಿ, ಸೋಫಾ ಆಗಿ ಅವೇ ಬಳಕೆಯಾಗುತ್ತವೆ. ಪಾತ್ರೆಪಗಡ ಕಡಿಮೆ ಕೊಡಿ. ಒಂದು ಟ್ರಂಕಿನಲ್ಲಿ ಮಾತ್ರ ಅವಳ ಅಂಕಪಟ್ಟಿ, ಸರ್ಟಿಫಿಕೇಟು, ಅವಳ ಪುಸ್ತಕಗಳಿರಲಿ. ಪ್ರತಿ ವರ್ಗಾವಣೆಯಲ್ಲೂ ಮೊದಲು ಲಾರಿ ಏರಬೇಕಾದದ್ದು ಅದು.

ಸಂಘದ ಸದಸ್ಯರಿಗೂ ಒಂದು ಕೋರಿಕೆ. ಪುಣೆ, ದೆಹಲಿ, ಹೈದರಾಬಾದ್, ಚೆನ್ನೈಗೆ ಪ್ರತಿ ವರ್ಷ ಪೋಸ್ಟಿಂಗ್ ಮೇಲೆ ಕನ್ನಡದ ಹೆಣ್ಣುಮಕ್ಕಳು ಬರುತ್ತಾರೆ. ಕೆಲವರು ಅಧಿಕಾರಿಗಳ ಮನೆಯವರು, ಹೆಚ್ಚಿನವರು ಹವಾಲ್ದಾರ್, ನಾಯಕ್, ಸಿಪಾಯಿಗಳ ಮನೆಯವರು. ದಂಡುಪ್ರದೇಶದ ಗೇಟಿನ ಒಳಗಿರುವುದರಿಂದ ಅವರು ನಮ್ಮ ಕಣ್ಣಿಗೆ ಬೀಳುವುದಿಲ್ಲ, ನಮ್ಮ ಯುಗಾದಿ, ರಾಜ್ಯೋತ್ಸವದ ಸುದ್ದಿ ಅವರಿಗೆ ಮುಟ್ಟುವುದಿಲ್ಲ. ಈ ವರ್ಷ ಅರಿಶಿನ ಕುಂಕುಮಕ್ಕೆ ಕರೆಯುವ ಪಟ್ಟಿ ಮಾಡುವಾಗ ಅಂಥ ನಾಲ್ಕು ಮನೆಗಳನ್ನು ಹುಡುಕಿ ಸೇರಿಸೋಣ. ಎರಡು ವರ್ಷದಲ್ಲಿ ಅವರು ಬೇರೆ ಊರಿಗೆ ಹೋಗುತ್ತಾರೆ. ಅಲ್ಲಿಯ ಕನ್ನಡ ಸಂಘದ ನಂಬರನ್ನು ಕೊಟ್ಟು ಕಳಿಸೋಣ.